ವಾಲಿದ ಗಾಯಕನೂ ಹುಲ್ಲಿನ ಮೇಸ್ತ್ರಿಯೂ

ಹುಲ್ಲಪ್ಪನ ಷಡ್ಡಕ ಬಾಯಿ ತೆರೆದನೆಂದರೆ ಒಂದು ರಾಕ್ ಬ್ಯಾಂಡಿನ ಪುರಾಣ ಶುರು. ಮೂವತ್ತು ವರ್ಷದ ಹಿಂದೆ ಅದು ಊರಿನ ಕ್ರೀಡಾಂಗಣದಲ್ಲಿ ಹಾಡಿದ ಸಂಜೆ ತಾನು ಮೂರನೇ ಸಾಲಿನಲ್ಲಿದ್ದೆ ಎಂಬುದನ್ನು ಅವನು ಮದುವೆ ಮನೆಯಲ್ಲೂ ಹೇಳಿದ್ದಾನೆ, ಸಾವಿನ ಮನೆಯಲ್ಲೂ ಹೇಳಿದ್ದಾನೆ. ಕೊನೆಯ ಹಾಡಿಗೆ ಗಾಯಕ ಜನರ ನಡುವೆ ಚಾಚಿದ್ದ ಪುಟ್ಟ ವೇದಿಕೆಯ ತುದಿಗೆ ಬಂದು, ಎಡಕ್ಕೆ ವಾಲಿ, ಒಂದು ಕೈ ಗಾಳಿಗೆ ಚಾಚಿ, ಹಾಡು ಮುಗಿಯುವವರೆಗೂ ಹಾಗೇ ನಿಂತನಂತೆ. ಲೋಕದ ದುಃಖವೆಲ್ಲ ಆ ಒಂದು ಭುಜದ ಮೇಲಿತ್ತಂತೆ. ಆ ಭಂಗಿ ಆಮೇಲೆ ಅಂಗಿಗಳ ಮೇಲೆ ಬಂತು, ಕಾಫಿ ಲೋಟಗಳ ಮೇಲೆ ಬಂತು, ತಲೆ ಕೆಟ್ಟವರ ತೋಳಿನ ಮೇಲೆ ಹಚ್ಚೆಯಾಗಿಯೂ ಬಂತು. ಷಡ್ಡಕ ಹೆಂಡತಿಯ ಜೊತೆ ಫೋಟೋಗೆ ನಿಂತರೂ ಎಡಕ್ಕೆ ವಾಲುತ್ತಾನೆ.

ಹುಲ್ಲಪ್ಪ ಇದನ್ನು ಕೇಳಿದಾಗಲೆಲ್ಲ ಮೂಗು ಮುರಿಯುತ್ತಾನೆ. ಹುಲ್ಲಪ್ಪ ಅಡ್ಡಹೆಸರು, ಆ ಕ್ರೀಡಾಂಗಣದ ಹುಲ್ಲು ಬೆಳೆಸುವ ಮೇಸ್ತ್ರಿ ಅವನು. ಅವನೂ ಆ ಸಂಜೆ ಅಲ್ಲೇ ಇದ್ದ, ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೂ ನೋಡಿದ. ಆದರೆ ನೋಡಿದ್ದು ಬರೀ ಕಾಲುಗಳನ್ನು. ಮೈದಾನದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಾನು ಮಗುವಿನ ಹಾಗೆ ಸಾಕಿದ ಹುಲ್ಲಿನ ಮೇಲೆ ಹಾಸಿದ್ದ ಹಲಗೆಗಳು ನಲವತ್ತು ಸಾವಿರ ಮಂದಿಯ ಕುಣಿತಕ್ಕೆ ನರಳುವುದನ್ನು ನೋಡಿದ. ಅಷ್ಟು ಜನ ಸೇರಿ ಒಬ್ಬ ಗಂಟಲು ಹರಿದುಕೊಳ್ಳುವುದಕ್ಕೆ ಅಳುತ್ತಿದ್ದರು. ಇವರ ಮನೆಯಲ್ಲಿ ಅಳೋದಕ್ಕೆ ಜಾಗವಿಲ್ಲವೇ ಎಂದು ಅವನಿಗೆ ಅವತ್ತೇ ಅನ್ನಿಸಿತ್ತು.

ಗಾಯಕ ಯಾಕೆ ವಾಲಿದ ಎಂಬುದು ಹುಲ್ಲಪ್ಪನಿಗೊಬ್ಬನಿಗೇ ಗೊತ್ತು. ಮೂರು ದಿನ ಹಲಗೆಯಡಿ ಉಸಿರು ಕಟ್ಟಿ ಮಲಗುವ ಹುಲ್ಲು ಮುಂಚೆಯೇ ಹೊಟ್ಟೆ ತುಂಬ ನೀರು ಕುಡಿದಿರಲಿ ಎಂದು, ಬೇಡವೆಂದರೂ ಕೇಳದೆ, ಹಲಗೆ ಹಾಸುವ ದಿನ ಬೆಳಿಗ್ಗೆ ಅವನು ಬಡಗಣ ಮೂಲೆಗೆ ಪೈಪು ಬಿಟ್ಟಿದ್ದ. ಅಷ್ಟರಲ್ಲಿ ಹಲಗೆಯವರ ಜೊತೆ ಜಗಳಕ್ಕೆ ನಿಂತ, ಪೈಪು ಮರೆತ. ನೆಲ ಹಿಟ್ಟಿನಂತೆ ಮೆತ್ತಗಾಯಿತು. ಅದರ ಮೇಲೆ ಊರಿದ್ದ ವೇದಿಕೆಯ ಎಡಗಾಲು ಕೊನೆಯ ಹಾಡಿನ ಹೊತ್ತಿಗೆ ನಾಲ್ಕು ಬೆರಳು ಕುಸಿಯಿತು. ಗಾಯಕ ಜಾರಿ ಬೀಳದಿರಲು ಪಟ್ಟ ಪಾಡನ್ನು ಜಗತ್ತು ಕಲೆ ಎಂದು ಕಣ್ಣಿಗೊತ್ತಿಕೊಂಡಿತು.

ಮೈದಾನದ ಹುಲ್ಲೆಲ್ಲ ಹಳದಿಯಾಗಿ ಸತ್ತರೂ ನೀರು ಕುಡಿದ ಆ ಮೂಲೆ ಮಾತ್ರ ಬದುಕಿತು. ಅಲ್ಲಿಂದಲೇ ತುಂಡು ತುಂಡು ಕಿತ್ತು ನೆಟ್ಟು ಹುಲ್ಲಪ್ಪ ಇಡೀ ಮೈದಾನವನ್ನು ಮತ್ತೆ ಹಸಿರು ಮಾಡಿದ. ಇವತ್ತು ಎಲ್ಲಿ ಕಡ್ಡಿ ಹುಲ್ಲು ಕಂಡರೂ ಅದರ ತಾಯಿ ಆ ಮೂಲೆಯಲ್ಲಿದೆ. ಈಗ ಮೂವತ್ತು ವರ್ಷದ ಸಂಭ್ರಮವಂತೆ. ಆಟದ ಗೆರೆಯಾಚೆ, ಸರಿಯಾಗಿ ಆ ಮೂಲೆಯಲ್ಲೇ, ವಾಲಿದ ಗಾಯಕನ ಕಂಚಿನ ಪ್ರತಿಮೆ ನಿಲ್ಲಿಸುತ್ತಾರಂತೆ. ಸಲಹೆ ಕೊಟ್ಟ ಮಹಾನುಭಾವ ಕ್ರೀಡಾಂಗಣದ ಕಚೇರಿಯಲ್ಲೇ ಗುಮಾಸ್ತನಾಗಿರುವ ಷಡ್ಡಕ.

ಹುಲ್ಲಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಮೂಲೆಗೆ ಸಿಮೆಂಟು ಸುರಿಯುತ್ತಾರಲ್ಲ ಎಂಬುದೇ ಯೋಚನೆ. ನಿಜ ಹೇಳಿದರೆ ಪ್ರತಿಮೆಯ ಮಾತೇ ಬಿದ್ದುಹೋಗುತ್ತದೆ ಎಂದು ಅವನ ಲೆಕ್ಕ. ನಿವೃತ್ತಿಗೆ ಒಂದೇ ವರ್ಷ ಇದೆ, ಇರುವ ಕೆಲಸಕ್ಕೂ ಕಲ್ಲು ಹಾಕಿಕೊಳ್ಳಬೇಡಿ ಎಂದು ಹೆಂಡತಿ ಬೇಡಿಕೊಂಡಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮ್ಯಾನೇಜರರ ಕೋಣೆಯಲ್ಲಿ ಪ್ರತಿಮೆಯ ನಕ್ಷೆ ಮೇಜಿನ ತುಂಬ ಹರಡಿತ್ತು. ಷಡ್ಡಕ ಅದರ ನಾಲ್ಕು ಮೂಲೆಗೆ ಪೇಪರ್‌ವೇಟ್ ಇಡುತ್ತಿದ್ದ. ಹುಲ್ಲಪ್ಪ ನಿಂತಲ್ಲೇ ಪೈಪು, ನೀರು, ಕುಸಿದ ವೇದಿಕೆ, ಒಂದನ್ನೂ ಬಿಡದೆ ಒಪ್ಪಿಸಿದ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ತಿರಸ್ಕಾರವನ್ನೂ ಜೊತೆಗೇ ಕಕ್ಕಿದ.

ಷಡ್ಡಕನ ಮುಖ ಇಳಿದುಹೋಯಿತು. "ಹಾಗಾದ್ರೆ ಅವನು ಬೇಕಂತ ವಾಲಿದ್ದಲ್ವಾ ಭಾವ?"

"ಬಿದ್ದು ಹಲ್ಲು ಮುರ್ಕೋಬಾರ್ದು ಅಂತ ವಾಲಿದ. ನೀನು ಅದನ್ನ ನೋಡಿ ಅತ್ತೆ."

ಷಡ್ಡಕ ಕುರ್ಚಿಯಲ್ಲಿ ಕುಸಿದ. ಗೆದ್ದೆ ಎಂದುಕೊಂಡ ಹುಲ್ಲಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಮ್ಯಾನೇಜರರು ಬೈಯಲಿಲ್ಲ. ನಕ್ಷೆಯ ಮೇಲೆ ಬಾಗಿ ಪೆನ್ಸಿಲ್ ಕೈಗೆತ್ತಿಕೊಂಡರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು? ಇಂಥ ಕಥೆ ಯಾವ ಕ್ರೀಡಾಂಗಣಕ್ಕಿದೆ? ಒಂದಲ್ಲ, ಎರಡು ಪ್ರತಿಮೆ ಮಾಡಿಸೋಣ. ಅವನು ವಾಲಿರ್ಲಿ, ಪಕ್ಕದಲ್ಲಿ ನೀವು ಪೈಪ್ ಹಿಡ್ಕೊಂಡು ನಿಂತಿರಿ."

ಬೇಡ ಸರ್ ಎಂದು ಹುಲ್ಲಪ್ಪ ಕೈಮುಗಿದ. ಅದು ವಿನಯ ಎಂದುಕೊಂಡ ಮ್ಯಾನೇಜರರು ಅವನ ಬೆನ್ನು ತಟ್ಟಿದರು. ಷಡ್ಡಕನಿಗಂತೂ ಹೋದ ಜೀವ ಬಂದಂತಾಯಿತು; ಸಂಜೆಯೊಳಗೆ ನೆಂಟರಿಗೆಲ್ಲ ಫೋನು ಮಾಡಿ, ಆ ಭಂಗಿಗೆ ನೀರೆರೆದವನು ನಮ್ಮ ಭಾವನೇ ಎಂದು ಸಾರಿಬಿಟ್ಟ.

ಸೋಮವಾರ ಗುತ್ತಿಗೆದಾರನ ಆಳುಗಳು ಗುದ್ದಲಿ ಹಿಡಿದು ಬಂದರು. ಅವರ ಕೈಗೆ ಕೊಟ್ಟರೆ ಬೇರು ಉಳಿಯುವುದಿಲ್ಲವೆಂದು ಹುಲ್ಲಪ್ಪ ತಾನೇ ಮಂಡಿಯೂರಿ ಕೂತ. ಒಂದು ಪೀಠಕ್ಕಾಗಿದ್ದರೆ ಅರ್ಧ ಮೂಲೆಯಾದರೂ ಉಳಿಯುತ್ತಿತ್ತು. ತನಗೆಂದೇ ಹಾಕಿದ್ದ ಎರಡನೆಯ ಪೀಠದ ಗುರುತಿನೊಳಗಿದ್ದ ಹುಲ್ಲನ್ನೂ ಅವನು ಚೌಕ ಚೌಕವಾಗಿ ಕೊಯ್ದು, ಮಣ್ಣು ಉದುರದಂತೆ ಎತ್ತಿ, ತಳ್ಳುಗಾಡಿಗೆ ಹಾಕಿದ.