ಅನುಕೂಲವಾದ ಜೋಪಡಿ

ಹಿಂದಿನ ವರ್ಷ ದುರ್ಗದಲ್ಲಿ ಪ್ಲೇಗು ಬಿದ್ದು ಜನ ಸತ್ತಿದ್ದರು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅನ್ನಪೂರ್ಣಮ್ಮನಿಗೆ ಆ ವರ್ಷ ಎಂದರೆ ನೆನಪಾಗುತ್ತಿದ್ದದ್ದು ಸಾವಲ್ಲ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಸುಖವಾಗಿದ್ದದ್ದು ಪ್ಲೇಗಿನ ದಿನಗಳಲ್ಲಿ ಮಾತ್ರ.

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಹಾಗೆ ಇಲಿ ಬಿದ್ದರೆ ಊರು ಬಿಟ್ಟು ಬಯಲಿಗೆ ಹೋಗಬೇಕೆಂದು ಸರ್ಕಾರದ ಹುಕುಂ ಇತ್ತು. ಅವಳ ಗಂಡ ಶಿವಕುಮಾರಪ್ಪ ಕಂಬಳಿ ವ್ಯಾಪಾರಿ. ಅವನ ಮನೆಯವರೂ ಎಲ್ಲರಂತೆ ಚಂದ್ರವಳ್ಳಿ ಕಡೆಯ ಬಯಲಿಗೆ ಹೋದರು. ಊರಿಗೆ ಊರೇ ಎದ್ದು ಬಂದಿದ್ದರಿಂದ ಗಳ, ಹುಲ್ಲು ಯಾರಿಗೂ ಸಾಲದೆ, ಮನೆಮಂದಿಗೆಲ್ಲ ಆಗುವಂಥ ಒಂದು ಜೋಪಡಿ ಏಳಲಿಲ್ಲ. ಅತ್ತೆ ಮರುಳಸಿದ್ದಮ್ಮ, ಮೈದುನ, ನಾದಿನಿ ಒಂದರಲ್ಲಿ ಸೇರಿಕೊಂಡರು. ಗಂಡ ಹೆಂಡತಿಗೆ ಅದರ ಆಚೆ ಕೋಳಿಗೂಡಿನಂಥ ಇನ್ನೊಂದು. ಎದ್ದು ನಿಂತರೆ ತಲೆ ಸೂರಿಗೆ ಬಡಿಯುತ್ತಿತ್ತು. ಬಾಗಿಲಿಗೆ ಒಂದು ಈಚಲ ಚಾಪೆ. ಮುಂದೆ ಮೂರು ಕಲ್ಲಿಟ್ಟು ಮಾಡಿದ ಒಲೆ.

ಆ ಮೂರು ಕಲ್ಲಿನ ಒಲೆ ಅನ್ನಪೂರ್ಣಮ್ಮನದು. ಅವಳು ಬೇಕಾದಾಗ ಹೊತ್ತಿಸುತ್ತಿದ್ದಳು, ಬೇಡವಾದಾಗ ಆರಿಸುತ್ತಿದ್ದಳು. ರೊಟ್ಟಿ ಬೇಯುತ್ತಿದ್ದಂತೆ ಗಂಡ ಎದುರಿಗೇ ಕೂತು ಬಿಸಿಬಿಸಿಯಾಗಿ ತಿನ್ನುತ್ತಿದ್ದ. ತಿನ್ನುತ್ತಾ ಅಂಗಡಿಯ ಮಾತು, ಹಿರಿಯೂರು ಸಂತೆಯ ಮಾತು, ಸಣ್ಣವನಿದ್ದಾಗ ಹೊಂಡಕ್ಕೆ ಬಿದ್ದ ಮಾತು ಎಲ್ಲಾ ಆಡುತ್ತಿದ್ದ. ಈ ಮನುಷ್ಯನಿಗೆ ಇಷ್ಟೊಂದು ಮಾತು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಬೇನೆ ತಗ್ಗಿದ ಮೇಲೆ ಮನೆಗೆ ಬಂದರು. ಮನೆಯಲ್ಲಿ ಮರುಳಸಿದ್ದಮ್ಮ ಪಡಸಾಲೆಯಿಂದ ಅಡಿಗೆಮನೆಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಮಂಚ ಹಾಕಿಕೊಂಡಿದ್ದಳು. ಹಗಲು ಅದರ ಮೇಲೆ ಕೂರುತ್ತಿದ್ದಳು, ಇರುಳು ಮಲಗುತ್ತಿದ್ದಳು. ಗಂಡನ ಊಟ ಪಡಸಾಲೆಯಲ್ಲಿ, ತಾಯಿಯ ಎದುರಿಗೆ. ದೊಡ್ಡವರ ಎದುರು ಗಂಡ ಹೆಂಡತಿಯನ್ನು ಮಾತಾಡಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಉಪ್ಪು ಬೇಕಾದರೆ ಅವನು ತಾಯಿಗೆ ಹೇಳುತ್ತಿದ್ದ, ತಾಯಿ ಸೊಸೆಗೆ ಹೇಳುತ್ತಿದ್ದಳು. ಉಪ್ಪು ಬರುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು.

ಈ ವರ್ಷ ಇಲಿ ಬೀಳಲಿಲ್ಲ. ಊರೆಲ್ಲ ದೇವರಿಗೆ ಕೈಮುಗಿಯಿತು. ಅನ್ನಪೂರ್ಣಮ್ಮನೂ ಮುಗಿದಳು, ಏನು ಬೇಡಿಕೊಂಡಳೆಂದು ಯಾರೂ ಕೇಳಲಿಲ್ಲ.

ಒಂದು ದಿನ ಬಾವಿಕಟ್ಟೆಯ ಹತ್ತಿರ ಗಂಡ ಒಬ್ಬನೇ ಸಿಕ್ಕಿದ. ಅವಳು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡೇ ಕೇಳಿದಳು: "ಹೋದ ವರ್ಷ ಬಯಲಾಗೆ ಚೆನ್ನಾಗಿತ್ತಲ್ರಿ?"

"ಹ್ಞೂಂ" ಅಂದ ಶಿವಕುಮಾರಪ್ಪ.

ಆ ಒಂದು ಹ್ಞೂಂಕಾರದ ಮೇಲೆ ಅವಳು ಮುಂದಿನದನ್ನೆಲ್ಲ ಕಟ್ಟಿದಳು.

ಮೊದಲು ನೇರವಾದ ದಾರಿಯನ್ನೇ ಹಿಡಿದಳು. ಅತ್ತೆಯ ಕಾಲು ಒತ್ತುತ್ತಾ ಮಾತು ತೆಗೆದಳು. "ಅತ್ತೆವ್ವಾ, ಸುಗ್ಗಿ ಮುಗೀತು. ಎಲ್ಲಾರೂ ನಾಕು ದಿನ ಚಂದ್ರವಳ್ಳಿ ತಾವ ಹೋಗಿ ಇದ್ದು ಬರಾಣ? ಗಾಳಿ ಬೆಳಕು ಚೆನ್ನಾಗಿರ್ತೈತೆ."

"ಗಾಳಿ ಇಲ್ಲಿಗೆ ಬರಲ್ವಾ?" ಅಂದಳು ಮರುಳಸಿದ್ದಮ್ಮ. "ಮನೆ ಮಠ ಇರೋರು ಸುಮ್ಸುಮ್ನೆ ಬಯಲಾಗೆ ಹೋಗಿ ಮಲಗ್ತಾರಾ? ನಾವೇನು ಕುರಿ ಕಾಯೋರೇನೇ? ಎಡಗಾಲು ಒತ್ತು."

ಆ ವಿಷಯ ಅಲ್ಲಿಗೆ ಮುಗಿಯಿತು. ಮಾನವಂತರು ಮನೆ ಬಿಟ್ಟು ಬಯಲಿಗೆ ಹೋಗಬೇಕಾದರೆ ಇಲಿ ಬೀಳಬೇಕು. ಇಲಿ ತಾನಾಗಿ ಬೀಳದಿದ್ದರೆ ಬೀಳಿಸಬೇಕು.

ಮದಕರಿಪುರದ ಕಡೆಯ ಕುರಿಹಟ್ಟಿಯಿಂದ ಈರಕ್ಕ ಬೆಣ್ಣೆ ತರುತ್ತಿದ್ದಳು. ಅವಳ ಗಂಡ ಅಂಗಡಿಗೆ ಉಣ್ಣೆ ಹಾಕುವವನು. ಹಿತ್ತಿಲ ಬಾಗಿಲಲ್ಲಿ ಅನ್ನಪೂರ್ಣಮ್ಮ ದನಿ ತಗ್ಗಿಸಿ ತನಗೆ ಬೇಕಾದದ್ದನ್ನು ಹೇಳಿದಳು.

"ಇಲಿಯಾ?" ಈರಕ್ಕ ಕಣ್ಣರಳಿಸಿದಳು. "ನಿಮ್ಮೋರು ತಿನ್ನಲ್ವಲ್ಲ ತಾಯಿ."

"ತಿನ್ನಾಕಲ್ಲ ಕಣೇ. ಜೋಪಡಿಗೆ ಹೋಗಾಕೆ."

ಈರಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. "ನಾವು ವರ್ಷವೆಲ್ಲಾ ಕುರಿ ಹಿಂದೆ ಬಯಲಾಗೇ ಬಿದ್ದಿರ್ತೀವಿ. ನಮ್ಗೆ ಒಂದು ಮನೆ ಸಿಕ್ಕಿದ್ರೆ ಸಾಕಾಗೈತೆ. ನಿಮ್ಗೆ ಬಯಲು ಬೇಕು. ಶಿವ ಎಂಥೆಂಥಾ ಜನನ ಮಾಡ್ಯಾನಪ್ಪ!"

ಆದರೂ ತಂದಳು. ಬುಟ್ಟಿಯಲ್ಲಿ ಮೇಲೆ ಬೆಣ್ಣೆಯ ಗಡಿಗೆ, ಕೆಳಗೆ ಮುತ್ತುಗದ ಎಲೆಯಲ್ಲಿ ಸುತ್ತಿದ ಇಲಿ. "ಹೊಡೆದಿಲ್ಲ, ನೀರಾಗೆ ಮುಳುಗ್ಸೀನಿ. ಮೈಮ್ಯಾಲೆ ಗಾಯ ಕಾಣಬಾರ್ದಲ್ಲ" ಅಂದಳು. ಈ ಸಲದ ಬೆಣ್ಣೆ ಬಹಳ ಹಸನಾಗಿದೆಯೆಂದು ಮರುಳಸಿದ್ದಮ್ಮ ಊಟದಲ್ಲಿ ಮೆಚ್ಚಿದಳು.

ಬೆಳಿಗ್ಗೆ ಕಂಬಳಿ ಒಟ್ಟಿದ್ದ ಕೋಣೆಯ ಬಾಗಿಲಲ್ಲಿ, ಅತ್ತೆ ಎದ್ದು ಮೊದಲು ಕಾಲಿಡುವ ಜಾಗದಲ್ಲಿ ಇಲಿ ಬಿದ್ದಿತ್ತು. ಅನ್ನಪೂರ್ಣಮ್ಮ ಹಿಟ್ಟು ಜರಡಿ ಹಿಡಿಯುತ್ತಾ ಕಿವಿಗೊಟ್ಟು ಕೂತಳು. ಅತ್ತೆ ಕೂಗುತ್ತಾಳೆ, ಗಂಡ ಓಡಿ ಬರುತ್ತಾನೆ, ಬೀದಿ ಸೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಗಾಡಿ ಕಟ್ಟುತ್ತಾರೆ. ತೆಗೆದುಕೊಂಡು ಹೋಗುವ ಸಾಮಾನು ಅವಳ ಮನಸ್ಸಿನಲ್ಲಿ ಸಿದ್ಧವಾಗಿತ್ತು: ಇಬ್ಬರಿಗೆ ಸಾಲುವಂಥ ಒಂದು ಗಡಿಗೆ, ಒಂದು ಹಂಚು, ಒಂದು ಚಾಪೆ, ಖಾರದಪುಡಿ. ಹೋದ ವರ್ಷ ಇರುವೆ ಕಾಟ ಕೊಟ್ಟಿತ್ತು, ಅದಕ್ಕೆ ಅರಿಸಿನ.

ಕೂಗು ಕೇಳಲಿಲ್ಲ. ಬದಲಿಗೆ ಇಕ್ಕಳ ತೆಗೆದ ಸದ್ದಾಯಿತು. ಅವಳು ಬಗ್ಗಿ ನೋಡಿದಳು. ಹಣೆಗೆ ವಿಭೂತಿ ಇನ್ನೂ ಹಚ್ಚದ ಮರುಳಸಿದ್ದಮ್ಮ ಇಕ್ಕಳದಲ್ಲಿ ಇಲಿಯ ಬಾಲ ಹಿಡಿದು, ಕಾಲಿನ ಸದ್ದಾಗದಂತೆ ಹಿತ್ತಿಲಿಗೆ ನಡೆದಳು. ಆ ಕಡೆ ಈ ಕಡೆ ನೋಡಿದಳು. ಗೋಡೆಯಾಚೆ ಚಂದ್ರಕ್ಕನ ದನದ ಕೊಟ್ಟಿಗೆಗೆ ಒಗೆದಳು.

ಒಳಗೆ ಬಂದು ಕೈತೊಳೆದು, ಪೂಜೆಗೆ ಕೂರುವ ಮೊದಲು ಸೊಸೆಗೆ ಹೇಳಿದಳು: "ನೀನು ಏನೂ ನೋಡಿಲ್ಲ. ಗೊತ್ತಾದ್ರೆ ಸರ್ಕಾರದೋರು ಬಂದು ಬಿಸಿಲು ಬೀಳ್ಲಿ ಅಂತ ಹೆಂಚು ತೆಗೀತಾರೆ, ಕಂಬ್ಳಿಗೆಲ್ಲ ಔಷಧಿ ನೀರು ಹೊಡೀತಾರೆ."

ಅನ್ನಪೂರ್ಣಮ್ಮ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಇದೊಂದೇ. ಇಲಿಯನ್ನು ಹುಟ್ಟಿಸಬಹುದು, ಅದನ್ನು ಒಪ್ಪಿಕೊಳ್ಳುವವರನ್ನು ಹುಟ್ಟಿಸುವುದು ಕಷ್ಟ.

ಚಂದ್ರಕ್ಕನೂ ಹೆಂಚಿನ ಮನೆಯವಳೇ. ಹಾಲು ಕರೆಯಲು ಹೋದವಳು ಇಲಿ ನೋಡಿದಳು, ದೇವರನ್ನು ನೆನೆದಳು, ಮೊರದಲ್ಲೆತ್ತಿ ಪಕ್ಕದ ಮನೆಗೆ ಸಾಗಿಸಿದಳು. ಆ ಬೀದಿಯ ಹಿತ್ತಿಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮದುವೆ ಮುಂಜಿಗೆ ಒಬ್ಬರ ಮನೆಗೊಬ್ಬರು ಹೋಗದ ಮನೆಗಳಿಗೂ ಆ ಇಲಿ ಹೋಗಿ ಬಂತು. ಕೊನೆಯದು ಮುರುಗೇಶಪ್ಪನವರ ಮನೆ. ಅವರು ಬೀದಿಯ ಹಿರಿಯರು, ಹೋದ ವರ್ಷ ಮನೆಮನೆಗೂ ಹೋಗಿ "ಇಲಿ ಬಿದ್ರೆ ಮುಚ್ಚಿಡಬ್ಯಾಡ್ರಪ್ಪ, ಸರ್ಕಾರಕ್ಕೆ ತಿಳಿಸ್ರಿ" ಎಂದು ಬುದ್ಧಿ ಹೇಳಿದವರು. ಅಂದು ಮಧ್ಯಾಹ್ನ ಅವರು ಜಗಲಿಯ ಮೇಲೆ ಸರ್ಕಾರದ ಅಧಿಕಾರಿ ಶೇಕದಾರರನ್ನು ಕೂರಿಸಿಕೊಂಡು ಎಲೆಅಡಿಕೆ ಹಾಕುತ್ತಿದ್ದರು. ಪಕ್ಕದ ಮನೆಯವರು ಅವಸರದಲ್ಲಿ ಸ್ವಲ್ಪ ಜೋರಾಗಿ ಒಗೆದಿರಬೇಕು. ಇಲಿ ಸೂರಿನ ಮೇಲೆ ಬಿದ್ದು, ಉರುಳಿ, ಶೇಕದಾರರ ಎಲೆತಟ್ಟೆಯ ಪಕ್ಕದಲ್ಲಿ ಬಂದು ಕೂತಿತು.

ಮುರುಗೇಶಪ್ಪನವರಿಗೆ ಒಗೆಯಲು ಮುಂದೆ ಮನೆ ಇರಲಿಲ್ಲ. ಇದ್ದಿದ್ದರೂ ಶೇಕದಾರರು ನೋಡಿಯಾಗಿತ್ತು.

"ನಮ್ಮ ಬೀದೀಲಿ ಇಲಿ ಬಿತ್ತು! ಅಯ್ಯೋ ಶಿವನೇ!" ಎಂದು ಎಲ್ಲಾ ಮನೆಗಳಿಂದಲೂ ಏಕಕಾಲಕ್ಕೆ ಜನ ಹೊರಗೆ ಬಂದರು. ಎಲ್ಲರಿಗಿಂತ ಜೋರಾಗಿ ಎದೆ ಬಡಿದುಕೊಂಡವಳು ಮರುಳಸಿದ್ದಮ್ಮ. ಬೀದಿ ಖಾಲಿ ಮಾಡಬೇಕೆಂದು ಸಂಜೆಗೆ ಹುಕುಂ ಆಯಿತು.

ಅನ್ನಪೂರ್ಣಮ್ಮ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ನಕ್ಕಳು. ಅತ್ತೆ ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಳಬ್ಯಾಡ" ಅಂದಳು ಮರುಳಸಿದ್ದಮ್ಮ, "ಹಣೇಲಿ ಬರೆದಂಗಾಗ್ತೈತೆ."

ಈ ಸಲ ಊರೆಲ್ಲ ಬಿಟ್ಟಿರಲಿಲ್ಲ, ಒಂದು ಬೀದಿ ಮಾತ್ರ. ಗಳ, ಹುಲ್ಲು, ತೆಂಗಿನ ಗರಿ ಧಾರಾಳವಾಗಿ ಸಿಕ್ಕವು. ಮನೆಯವರನ್ನು ಮುರುಗೇಶಪ್ಪನವರ ತೋಟದ ಮನೆಯಲ್ಲಿ ಬಿಟ್ಟು, ಶಿವಕುಮಾರಪ್ಪ ತಾನೇ ಬಡಗಿಯನ್ನು ಕರೆದುಕೊಂಡು ಬಯಲಿಗೆ ಹೋದ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಅವನ ಮುಖದಲ್ಲಿ ಎಂದೂ ಇಲ್ಲದ ಹುರುಪು. ಒಮ್ಮೆ ನಡುಮನೆಯಲ್ಲಿ ಎದುರಾದಾಗ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಅಂದ: "ಈ ಸಲ ನೋಡು. ನೀನು ಖುಷಿಯಾಗ್ತೀಯ."

ಅವಳು ಆ ದಿನ ಸಣ್ಣ ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಸವೆಸಿಬಿಟ್ಟಳು.

ಗಾಡಿ ಇಳಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಒಂದೇ ಒಂದು ಜೋಪಡಿ. ಅಷ್ಟು ದೊಡ್ಡ ಜೋಪಡಿಯನ್ನು ದುರ್ಗದ ಬಯಲಿನಲ್ಲಿ ಯಾರೂ ಹಾಕಿರಲಿಲ್ಲ. ಮುಂದೆ ಜಗಲಿ. ಒಳಗೆ ತಡಿಕೆ ಕಟ್ಟಿ ಪಡಸಾಲೆ, ದೇವರ ಕೋಣೆ, ಹಿಂದೆ ಎರಡು ಕಣ್ಣಿನ ದೊಡ್ಡ ಒಲೆ ಹಾಕಿದ ಅಡಿಗೆಮನೆ. ನೆಲಕ್ಕೆ ಸಗಣಿ ಸಾರಿಸಿತ್ತು. ಇರುವೆ ಬಾರದಂತೆ ಸುತ್ತಲೂ ಕಾಲುವೆ ತೆಗೆದು ನೀರು ಬಿಟ್ಟಿದ್ದರು. ಪಡಸಾಲೆಯಿಂದ ಅಡಿಗೆಮನೆಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಮಂಚ ಹಿಡಿಯುವಷ್ಟೇ ಜಾಗ ಬಿಟ್ಟಿತ್ತು. ಮಂಚ ಮುಂದಿನ ಗಾಡಿಯಲ್ಲೇ ಬಂದಿತ್ತು.

ಮರುಳಸಿದ್ದಮ್ಮ ಅದರ ಮೇಲೆ ಕೂತು ಸುತ್ತಲೂ ನೋಡಿದಳು. "ಮನೆಗಿಂತ ಅನುಕೂಲವಾಗೈತಲ್ಲೋ ಮಗನೇ! ಗಾಳೀನೂ ಬರ್ತೈತೆ. ಇಷ್ಟು ಜಾಗ ಇದ್ಮ್ಯಾಲೆ ಹೊಳಲ್ಕೆರೆಯಿಂದ ನಮ್ಮ ತಮ್ಮನ ಮನೆಯೋರ್ನೂ ಕರೆಸು. ಪಾಪ, ಅವ್ರೂ ನಾಕು ದಿನ ಇರ್ಲಿ."

ಅವರು ಬಂದರು. ಮಕ್ಕಳನ್ನು ಕಟ್ಟಿಕೊಂಡು ಬಂದರು. ಜೋಪಡಿಯ ಸುದ್ದಿ ಕೇಳಿ ಹೊಸದುರ್ಗದಿಂದ ಮೈದುನನಿಗೆ ಹೆಣ್ಣು ಕೊಡಬೇಕೆಂದಿದ್ದವರು ಬಂದರು. ಮಠದ ಅಯ್ಯನವರು ಪಾದ ಬೆಳೆಸಿ ಪ್ರಸಾದ ಸ್ವೀಕರಿಸಿ, ಊರ ಗದ್ದಲಕ್ಕಿಂತ ಈ ಏಕಾಂತ ಲೇಸೆಂದು ಆಶೀರ್ವಾದ ಮಾಡಿ, ಮರುದಿನವೂ ಬಂದರು. ಎರಡು ಕಣ್ಣಿನ ಒಲೆ ಆರಲಿಲ್ಲ. ಶಿವಕುಮಾರಪ್ಪ ಗಂಡಸರೊಂದಿಗೆ ಜಗಲಿಯಲ್ಲಿ ಊಟಕ್ಕೆ ಕೂತು, ಉಪ್ಪು ಬೇಕೆಂದು ತಾಯಿಗೆ ಹೇಳಿದ.

ಒಂದು ಸಂಜೆ ಎಲ್ಲರೂ ಚಂದ್ರವಳ್ಳಿಯ ಗುಹೆ ನೋಡಲು ಹೋದರು. ಅನ್ನಪೂರ್ಣಮ್ಮ ರಾತ್ರಿಯ ಅಡಿಗೆಗೆಂದು ಉಳಿದಳು. ಜೋಪಡಿಯ ಹಿಂದೆ ಬಂಡೆಯ ಮರೆಯಲ್ಲಿ ಮೂರು ಕಲ್ಲು ಹುಡುಕಿ ಇಟ್ಟಳು. ಪುಳ್ಳೆ ಹೊತ್ತಿಸಿ ಹಂಚಿಟ್ಟು ಒಂದು ರೊಟ್ಟಿ ಹಾಕಿದಳು. ಹೊಗೆ ಕಣ್ಣಿಗೆ ಹತ್ತಿತು. ಅದೇ ಹೊಗೆ.

ಯಾರೋ ಓಡಿ ಬಂದ ಸದ್ದಾಯಿತು. ಶಿವಕುಮಾರಪ್ಪ. ದೂರದಿಂದ ಹೊಗೆ ಕಂಡು ತಿರುಗಿ ಬಂದಿದ್ದ. ಕೈಯಲ್ಲಿ ಕಾಲುವೆಯಿಂದ ತುಂಬಿಕೊಂಡ ಬಿಂದಿಗೆ. ಬಂದವನೇ ಒಲೆಯ ಮೇಲೆ ಸುರಿದ. ರೊಟ್ಟಿ ಬೂದಿಯಲ್ಲಿ ತೇಲಿತು.

"ಹುಲ್ಲಿನ ಸೂರು ಐತೆ, ಗಾಳಿ ಬೀಸ್ತೈತೆ. ಬುದ್ಧಿ ಬ್ಯಾಡ್ವಾ?" ಅಂದ. ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. "ಒಳಗೆ ಅಷ್ಟು ಚೆನ್ನಾಗಿರೋ ಒಲೆ ಹಾಕಿಸೀನಿ. ಹೋದ ವರ್ಷ ಈ ಹೊಗೇಲಿ ಎಷ್ಟು ಕಷ್ಟ ಬಿದ್ದೆ ನೀನು. ತಲೆ ಎತ್ತಾಕೆ ಆಗ್ತಿರಲಿಲ್ಲ, ಇರುವೆ ಕಾಟ ಬೇರೆ. ಈ ಸಲ ಹಂಗಾಗಬಾರ್ದು ಅಂತ ನಿನಗೋಸ್ಕರ ಇದನ್ನೆಲ್ಲ ಮಾಡ್ಸಿದ್ದು."

"ಚೆನ್ನಾಗಿತ್ತಲ್ರಿ ಅಂತ ಬಾವಿ ತಾವ ಕೇಳಿದಾಗ ಹ್ಞೂಂ ಅಂದ್ರಲ್ಲ?"

ಅವನು ನೆನಪು ಮಾಡಿಕೊಂಡ. "ಅವತ್ತಾ? ನೀನು ತುಂಬಿದ ಕೊಡ ಹೊತ್ಕಂಡು ನಿಂತಿದ್ದೆ. ಬೇಗ ಹೋಗ್ಲಿ ಅಂತ ಹ್ಞೂಂ ಅಂದೆ."

ಅವನು ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ಮಾತು ಆಡಬಹುದಿತ್ತು. ಅವಳು ಒದ್ದೆ ಹಂಚನ್ನು ಎತ್ತಿಕೊಂಡು ಒಳಗೆ ಹೋದಳು.

ಬೀದಿಯಲ್ಲಿ ಮತ್ತೆ ಇಲಿ ಬೀಳಲಿಲ್ಲ. ಮನೆಗೆ ಹೋಗಬಹುದೆಂದು ಸರ್ಕಾರ ಹೇಳಿತು. ಉಳಿದವರು ಹೋದರು. ಮರುಳಸಿದ್ದಮ್ಮ ಹೋಗಲಿಲ್ಲ. "ಇಷ್ಟು ಅನುಕೂಲವಾಗಿರೋವಾಗ ಏನು ಅವಸರ? ಯುಗಾದಿ ಇಲ್ಲೇ ಮಾಡಾಣ" ಅಂದಳು. ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು: "ವರ್ಷಕ್ಕೊಂದು ಸಲ ಮನುಷ್ಯ ಹಿಂಗೆ ಬಯಲಿಗೆ ಬಂದು ಇರಬೇಕ್ರಿ. ಮುಂದಿನ ವರ್ಷ ಹಿರಿಯೂರಿನ ಬೀಗರ್ನೂ ಕರೆಸ್ತೀನಿ. ಒಂದು ಇಲಿ ಬಿದ್ರೆ ಸಾಕು."

ಈರಕ್ಕ ಬೆಣ್ಣೆ ತಂದಾಗ ಅನ್ನಪೂರ್ಣಮ್ಮ ಪಾತ್ರೆಗಳ ರಾಶಿಯ ನಡುವೆ ಕೂತಿದ್ದಳು. ಈರಕ್ಕ ಜೋಪಡಿಯನ್ನು ಒಂದು ಸುತ್ತು ನೋಡಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಅರಮನೆ ಆಗೈತಲ್ಲವ್ವ! ನಿನ್ನ ಆಸೆ ತೀರ್ತು. ಮುಂದಿನ ವರ್ಷಕ್ಕೂ ಒಂದು ಹಿಡಿದಿಡ್ಲೇನು?"

ಅನ್ನಪೂರ್ಣಮ್ಮ ತಿಕ್ಕುವುದನ್ನು ನಿಲ್ಲಿಸಿದಳು. ಒಳಗಿನಿಂದ ಅತ್ತೆ ಕರೆಯುತ್ತಿದ್ದಳು, ಅಯ್ಯನವರು ಬಂದಿದ್ದರು.

"ಈರಕ್ಕ, ನಿಮ್ಮ ಹಟ್ಟೀಲಿ ಬೆಕ್ಕು ಅವಾ?"

"ಅವೆ. ಯಾಕೆ?"

"ಮರಿ ಹಾಕಿದ್ರೆ ನಂಗೆರಡು ತಂದ್ಕೊಡು. ಇಲಿ ಹಿಡಿಯೋ ತಳಿ ನೋಡಿ ತಾ."