ಸಿಗಡಿ ಬರುವ ತನಕ

ಮನೆ ನೋಡಲು ಜನ ಬರುವ ದಿನ ದುರ್ಗಿ ಮೀನಿಗೆ ಹೋಗಬಾರದು ಎಂಬುದು ದಲ್ಲಾಳಿ ಜಗದೀಶ ಹಾಕಿದ ಮೊದಲ ಕಟ್ಟಳೆ. ಅಂಗಳದಲ್ಲಿ ಒಣಮೀನಿನ ಚಾಪೆ ಕಾಣಬಾರದು. ಕೋಳಿಗಳು ಬುಟ್ಟಿಯಡಿ ಇರಬೇಕು. ಬಾಗಿಲಿಗೆ ಕುಮಟೆಯಿಂದ ಅವನೇ ತಂದ ನೀಲಿ ಪರದೆ, ಜಗಲಿಯ ಮೇಲೆ ಅವನದೇ ಎರಡು ಪ್ಲಾಸ್ಟಿಕ್ ಹೂಕುಂಡ, ಒಳಗೆ ಊದುಬತ್ತಿ. ಇಷ್ಟಕ್ಕೆಲ್ಲ ದುರ್ಗಿ ಆತು ಎಂದಿದ್ದಳು. ಕೊನೆಗೆ ಅವನು ನಾಯಿಯ ಕಡೆ ಬೆರಳು ತೋರಿಸಿದಾಗ ಮಾತ್ರ ಅವಳು ಆತು ಎನ್ನಲಿಲ್ಲ, ಆಗೂದಿಲ್ಲ ಎಂದೂ ಹೇಳಲಿಲ್ಲ.

ಅಘನಾಶಿನಿ ಊರಿನ ಆ ಚಿರೆಕಲ್ಲಿನ ಮನೆ ಅವಳ ತಾಯಿ ಗಂಗಿಯದು. ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ಮಾರಿ, ವರ್ಷಕ್ಕೊಂದು ಗೋಡೆಯಂತೆ ಎಬ್ಬಿಸಿದ್ದಳು. ಸಾಯುವ ಮೊದಲು ಮಗಳ ಹೆಸರಿಗೆ ಬರೆದುಕೊಟ್ಟಿದ್ದಳು. ಮಾರುವ ಯೋಚನೆಯೂ ದುರ್ಗಿಯದೇ. ಬೆಳಿಗ್ಗೆ ತಾರಿ ದೋಣಿಯಲ್ಲಿ ಹೊಳೆ ದಾಟಿ ತದಡಿ ಬಂದರಿಗೆ ಹೋಗಿ ಮೀನು ಕೊಂಡು, ಅದೇ ದೋಣಿಯಲ್ಲಿ ವಾಪಸು ಬಂದು, ಬುಟ್ಟಿ ಹೊತ್ತು ಕುಮಟೆಯ ಬಸ್ಸು ಹತ್ತುವುದು ಮೂವತ್ತು ವರ್ಷದ ಕೆಲಸ. ಈಗ ಮಂಡಿ ಕೇಳುತ್ತಿರಲಿಲ್ಲ. ಕುಮಟೆ ಮೀನು ಮಾರ್ಕೆಟ್ಟಿನ ಹಿಂದೆ ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದಳು. ಮುಂದೆ ನಾಲ್ಕು ಮಾರು ಅಂಗಳವಿತ್ತು. ಅದನ್ನು ನೋಡಿದಾಗ ಅವಳು ಮೊದಲು ಕೇಳಿದ್ದೇ, "ಇಲ್ಲಿ ನಾಯಿ ಕಟ್ಟೂಕೆ ಅಡ್ಡಿಲ್ವಾ?" ಎಂದು.

ನಾಯಿಯ ಹೆಸರು ಸಿಗಡಿ. ಏಳು ವರ್ಷದ ಹಿಂದೆ ತದಡಿಯಲ್ಲಿ ಖಾಲಿ ಬುಟ್ಟಿ ಕೆಳಗಿಟ್ಟು ಚಾ ಕುಡಿದು ಬರುವಷ್ಟರಲ್ಲಿ ಅದರೊಳಗೆ ಒಂದು ಕೆಂಪು ಮರಿ ಸಿಗಡಿಯ ಹಾಗೆ ಸುರುಳಿಯಾಗಿ ಮಲಗಿತ್ತು. ಆ ದಿನದಿಂದ ಅದು ಚಾಪೆಯ ಮೇಲಿನ ಒಣಮೀನಿಗೆ ಕಾಗೆಯನ್ನಾಗಲಿ ಗಿಡುಗನನ್ನಾಗಲಿ ಬಿಟ್ಟಿದ್ದಿಲ್ಲ. ಬೆಳಿಗ್ಗೆ ದುರ್ಗಿಯ ಜೊತೆ ದೋಣಿ ಹತ್ತುತ್ತಿತ್ತು. ದೋಣಿ ನಡೆಸುವ ಮಾಸ್ತಿ ಅದಕ್ಕೆ ದೋಣಿಯ ಮೂತಿಯ ಹತ್ತಿರ ಜಾಗ ಬಿಟ್ಟಿರುತ್ತಿದ್ದ.

ಮೊದಲ ಸಲ ಜನ ಬಂದಾಗ ಸಿಗಡಿಯನ್ನು ಪಕ್ಕದ ಮನೆಯ ಬಚ್ಚಲಲ್ಲಿ ಕೂಡಿಹಾಕಿದರು. ಅದು ಊಳಿಟ್ಟ ರೀತಿಗೆ ಬಂದವರು, "ಆಚೆ ಮನೇಲಿ ಯಾರಾದ್ರೂ ತೀರಿಹೋಗಿದ್ದಾರಾ?" ಎಂದು ಕೇಳಿ ಚಾ ಮುಟ್ಟದೆ ಎದ್ದರು. ಎರಡನೇ ಸಲ ದುರ್ಗಿಯ ಗಂಡ ದೇವು ಅದನ್ನು ಹೊಳೆ ಬದಿಗೆ ಕರೆದೊಯ್ದ. ಇಳಿತದ ಹೊತ್ತು. ಹೊಟ್ಟೆಯವರೆಗೆ ಕೆಸರು ಮೆತ್ತಿಕೊಂಡು ಅವನಿಗಿಂತ ಮೊದಲೇ ಮನೆಗೆ ಬಂದ ಸಿಗಡಿ, ನೋಡಲು ಬಂದವರ ನಡುವೆ ನಿಂತು ಮೈ ಕೊಡವಿತು. ನೀಲಿ ಪರದೆ ಕೆಸರಿಗೆ ಬೂದು ಬಣ್ಣವಾಯಿತು.

"ದುರ್ಗಕ್ಕ, ಮನೆ ಮಾರೂದಾ, ನಾಯಿ ಸಾಕೂದಾ? ಒಂದು ಹೇಳಿ" ಎಂದ ಜಗದೀಶ.

"ಎರಡೂ."

"ಈ ಮನೆ ಹೋಗ್ಲಿ ಅಂತ ನಾನು ಇಡಗುಂಜಿ ಗಣಪತಿಗೆ ಹೇಳ್ಕಂಡು ಬಂದೇನೆ. ನಿಮ್ಮ ನಾಯಿ ದೇವರ ಮಾತೂ ಕೇಳೂದಿಲ್ಲ."

"ಗಣಪತಿ ಹತ್ರ ಇಲಿ ಅದೆ, ಮಾರಾಯ. ಅವನೇನೂ ಅದನ್ನ ಅಡಗಿಸಿಟ್ಟು ದರ್ಶನ ಕೊಡೂದಿಲ್ಲ."

ಜಗದೀಶ ಹೋಗುವಾಗ ದೇವುವನ್ನು ಬೈಕಿನ ಹತ್ತಿರ ಕರೆದು ಏನೋ ಹೇಳಿದ. ದುರ್ಗಿ ಅದನ್ನು ನೋಡಿದಳು, ಏನೆಂದು ಕೇಳಲಿಲ್ಲ.

ಮೂರನೆಯವರು ಬರುವುದು ಏಪ್ರಿಲಿನ ಒಂದು ಭಾನುವಾರ. ಹೊನ್ನಾವರದ ಶಾಲೆಯೊಂದರ ಟೀಚರು, ಅವರ ಗಂಡ. ದುರ್ಗಿ ಎದ್ದಾಗ ಸಿಗಡಿ ಇರಲಿಲ್ಲ.

"ಎಲ್ಲಾದ್ರೂ ತಿರ್ಗೂಕೆ ಹೋಗಿರೂದು" ಎಂದ ದೇವು. ಹೇಳುವಾಗ ಮುಖ ಬಾವಿಯ ಕಡೆ ಇತ್ತು.

ಅವಳು ನೆಲ ಒರೆಸಿದಳು. ಕೋಳಿಗಳನ್ನು ಬುಟ್ಟಿಯಡಿ ಹಾಕಿದಳು. ನಡುನಡುವೆ ಹೊರಗೆ ಬಂದು ಕರೆದಳು. ಒಂಬತ್ತರ ಹೊತ್ತಿಗೆ ತಾರಿ ದೋಣಿ ಇಳಿದ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಬಂದರು. ಎಲ್ಲರ ಮುಂದೆ ಕಾಳಿ. ಬೇಲಿಯಾಚೆಯಿಂದಲೇ ಕೂಗಿದಳು.

"ದುರ್ಗೀ, ನಿನ್ನ ಸಿಗಡಿಯನ್ನ ತದಡಿ ಐಸ್ ಫ್ಯಾಕ್ಟರಿ ಕಂಬಕ್ಕೆ ಎಂತಕ್ಕೆ ಕಟ್ಟಿದ್ರಿ? ಕೂಗಿ ಕೂಗಿ ಗಂಟಲು ಹೋಗ್ಯದೆ. ನಾ ಬಿಚ್ಚೂಕೆ ಹೋದ್ರೆ ಅಲ್ಲಿ ವಾಚ್‌ಮನ್, 'ದೇವಣ್ಣ ಕೊಟ್ಟದ್ದು, ಇನ್ನು ನಮ್ದು' ಅಂತಾನೆ."

ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಅದನ್ನೇ ಹೇಳುತ್ತ ಹೋದರು. ಹೊಳೆ ದಾಟಿಸಿಬಿಟ್ಟರೆ ಸುದ್ದಿ ದಾಟುವುದಿಲ್ಲ ಎಂದು ದೇವು ಎಣಿಸಿದ್ದ. ಊರಿನ ಮೀನುಗಾರ್ತಿಯರೆಲ್ಲ ದಿನಾ ಬೆಳಿಗ್ಗೆ ಐಸ್ ತುಂಬಿಸಿಕೊಳ್ಳುವ ಜಾಗದ ಕಂಬಕ್ಕೇ ತಾನು ನಾಯಿಯನ್ನು ಕಟ್ಟಿದ್ದೇನೆಂಬುದು ಅವನಿಗೆ ಆಗ ಹೊಳೆದಿರಲಿಲ್ಲ. ಅವನು ಮೀನು ಹಿಡಿಯುವವನು, ಕೊಳ್ಳುವವನಲ್ಲ.

"ಜಗದೀಶ ಹೇಳ್ದ, ನಾಯಿ ಇದ್ರೆ ಮನೆ ಹೋಗೂದಿಲ್ಲ ಅಂತ" ಎಂದ ದೇವು. "ವಾಚ್‌ಮನ್ ಚಲೋ ನೋಡ್ಕಳ್ತಾನೆ. ನಿನ್ನ ಮಂಡಿ ಸಲುವಾಗೇ ನಾ ಮಾಡಿದ್ದು, ದುರ್ಗಿ."

ದುರ್ಗಿ ಒಳಗೆ ಹೋಗಿ ಒಲೆಯ ಕೆಂಡಕ್ಕೆ ನೀರು ಹಾಕಿದಳು. ಹೊರಗೆ ಬಂದು ಬಾಗಿಲೆಳೆದು ಬೀಗ ಹಾಕಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಳು.

"ಇದೆಂತ?"

"ಸಿಗಡಿ ಬರೂ ತನಕ ಈ ಬಾಗಿಲು ತೆಗೆಯೂದಿಲ್ಲ. ಅವರು ಬರ್ಲಿ, ಅವರ ಅಜ್ಜ ಬರ್ಲಿ."

ಹತ್ತು ಗಂಟೆಗೆ ಕಾರು ಬಂತು. ಹಿಂದೆ ಜಗದೀಶನ ಬೈಕು. ಟೀಚರು ಹೇಮಾ ಚಪ್ಪಲಿ ಬಿಟ್ಟು ಜಗಲಿ ಹತ್ತಿದವಳು ಬೀಗ ನೋಡಿ ನಿಂತಳು. ಅವಳ ಗಂಡ ಭಾಸ್ಕರ ಕೈಗಡಿಯಾರ ನೋಡಿಕೊಂಡ.

"ಕೀಲಿ ಎಲ್ಲಿ, ದುರ್ಗಕ್ಕ?" ಜಗದೀಶ ನಗಲು ನೋಡಿದ.

"ನನ್ನ ಹತ್ರ ಅದೆ."

"ತೆಗೀರಿ ಮತ್ತೆ."

"ಮನೆಯವರೆಲ್ಲ ಬರ್ಲಿ. ಒಬ್ಬಳು ತದಡಿಲಿ ಇದಾಳೆ. ಅಲ್ಲಿಗೆ ಯಾರು ಕಳಿಸಿದ್ದು ಅಂತ ನಿನಗೆ ಗೊತ್ತದೆ."

ಜಗದೀಶನ ನಗು ಅಲ್ಲೇ ನಿಂತಿತು. ದೇವುವಿನ ಕಡೆ ತಿರುಗಿ, "ದೇವಣ್ಣ, ನೀವಾದ್ರೂ ಹೇಳಿ. ಗಂಡಸರಲ್ವಾ?" ಎಂದ.

"ಮನೆ ಅವಳ ಹೆಸರಲ್ಲಿ ಅದೆ" ಎಂದ ದೇವು. ಅಂಗಿ ಹಾಕಿಕೊಂಡು ದೋಣಿ ನಿಲ್ಲುವ ದಕ್ಕೆಯ ಕಡೆ ನಡೆದ.

"ಹಗ್ಗವನ್ನೂ ತಕ್ಕಂಡು ಬಾ" ಎಂದು ದುರ್ಗಿ ಹಿಂದಿನಿಂದ ಕೂಗಿದಳು. "ನಮ್ಮನೆ ಹಗ್ಗ ಅದು."

ದೋಣಿ ಹೋಗಿ ಬರಲು ಒಂದು ಗಂಟೆಯ ಮೇಲೆ ಬೇಕು. ಭಾಸ್ಕರ ಕಾರಿನಲ್ಲಿ ಕೂತ. ಹೇಮಾ ಜಗಲಿಯಲ್ಲೇ ಉಳಿದಳು. ದುರ್ಗಿ ಅವಳಿಗೆ ಮಣೆ ಕೊಟ್ಟಳು, ಎಳನೀರು ಕೆತ್ತಿ ಕೊಟ್ಟಳು. ಬುಟ್ಟಿಯಡಿ ಕೋಳಿಗಳ ಸದ್ದು ಕೇಳಿ ಹೇಮಾ ಬಗ್ಗಿ ನೋಡಿದಳು.

"ಇವನ್ನ ಯಾಕೆ ಮುಚ್ಚಿಟ್ಟದ್ದು?"

"ನಿಮಗೆ ಕಾಣ್‌ಬಾರ್ದಂತೆ, ತಂಗಿ."

ಹೇಮಾ ಜಗದೀಶನನ್ನು ನೋಡಿದಳು. ಅವನು ಹೂಕುಂಡ ಸರಿಮಾಡುತ್ತಿದ್ದ. ದುರ್ಗಿ ಎದ್ದು ಬುಟ್ಟಿ ಎತ್ತಿದಳು. ಕೋಳಿಗಳು ಜಗದೀಶನ ಕಾಲಡಿಯಿಂದಲೇ ಅಂಗಳಕ್ಕೆ ಹಾರಿದವು. ಬುಟ್ಟಿ ಎತ್ತಿದ ಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಹಿತ್ತಲಿಂದ ಒಣಮೀನಿನ ಚಾಪೆ ಎಳೆದು ತಂದು ಬಿಸಿಲಿಗೆ ಹಾಸಿದಳು.

ಬೇಲಿಯ ದಣಪೆಯ ಹತ್ತಿರ ಸಿಗಡಿ ಮೊದಲು ಕಂಡಿತು, ಆಮೇಲೆ ದೇವು. ಕುತ್ತಿಗೆಯ ಕೂದಲು ಹಗ್ಗಕ್ಕೆ ಉಜ್ಜಿ ಹೋಗಿತ್ತು. ದುರ್ಗಿಯ ಮಡಿಲಿಗೆ ಮೂತಿ ಹಾಕಿತು, ಅವಳ ಮಂಡಿ ನೆಕ್ಕಿತು, ಹೇಮಾಳ ಸೀರೆ ಮೂಸಿತು. ಕೂಗುವುದಕ್ಕೆ ಅದರಲ್ಲಿ ದನಿ ಇರಲಿಲ್ಲ, ಬರೀ ಗಾಳಿ ಬರುತ್ತಿತ್ತು. ದೇವು ಯಾರ ಮುಖವನ್ನೂ ನೋಡದೆ ಬಾವಿಗೆ ಹೋಗಿ ಒಂದು ಕೊಡಪಾನ ನೀರೆಳೆದು ಅದರ ಮುಂದಿಟ್ಟ. ಸಿಗಡಿ ಮೂಸಿತು. ನಾಲಗೆ ಹೊರಗಿದ್ದರೂ ಮುಟ್ಟಲಿಲ್ಲ. ನಲ್ಲಿಯ ಕೆಳಗಿದ್ದ ಮಡಕೆಯ ಹತ್ತಿರ ಹೋಗಿ ತಲೆ ಎತ್ತದೆ ಕುಡಿಯಿತು.

"ಬಾವಿ ನೀರು ಯಾಕೆ ಕುಡಿಲಿಲ್ಲ?" ಎಂದಳು ಹೇಮಾ.

"ಸೊಕ್ಕು, ಮೇಡಂ. ಸಾಕಿದ ನಾಯಿಗಳೇ ಹಂಗೆ" ಎಂದ ಜಗದೀಶ.

"ಸೊಕ್ಕಲ್ಲ" ಎಂದಳು ದುರ್ಗಿ. "ಶಿವರಾತ್ರಿ ಕಳೆದ ಮೇಲೆ ನಮ್ಮ ಬಾವಿಗೆ ಉಪ್ಪು ಬರ್ತದೆ. ಮಳೆ ಬಿದ್ದು ಹದಿನೈದು ದಿನಕ್ಕೆ ಸಿಹಿ ಆಗ್ತದೆ. ಅಲ್ಲೀವರೆಗೆ ನಲ್ಲಿ ನೀರೇ. ನಮಗಿಂತ ಮೊದ್ಲು ಅದಕ್ಕೇ ಗೊತ್ತಾಗೂದು."

ಜಗದೀಶ ಹಣೆಗೆ ಕೈ ಹಚ್ಚಿದ.

ದುರ್ಗಿ ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದಳು. ನೀಲಿ ಪರದೆಯನ್ನು ಕಿತ್ತು ಹೆಗಲಿಗೆ ಹಾಕಿಕೊಂಡಳು. ಸಿಗಡಿ ಮುಂದೆ, ಅವಳು ಹಿಂದೆ, ಅವಳ ಹಿಂದೆ ಹೇಮಾ. ನಾಯಿ ಕೆರೆದ ಬಾಗಿಲು ತೋರಿಸಿದಳು. ಮಳೆಗಾಲದಲ್ಲಿ ಸೋರುವ ಮೂಲೆ ತೋರಿಸಿದಳು. ಎಷ್ಟು ಸೆಖೆಯಾದರೂ ಗಾಳಿ ಬರುವ ಕಿಟಕಿ ತೋರಿಸಿ, "ಇದು ನನ್ನ ಅವ್ವಿ ಇಡ್ಸಿದ್ದು. ಇಲ್ಲಿಂದ ಹೊಳೆ ಕಾಣ್ತದೆ" ಎಂದಳು. ಭಾಸ್ಕರ ಕಾರಿನಿಂದ ಇಳಿಯಲಿಲ್ಲ. ನಾಯಿ ಒಳಗಿದೆಯೇ ಎಂದು ಅಲ್ಲಿಂದಲೇ ಎರಡು ಸಲ ಕೇಳಿದ.

"ಒಳಗೇ ಅದೆ" ಎಂದು ದುರ್ಗಿ ಎರಡು ಸಲವೂ ಹೇಳಿದಳು.

ಹೊರಡುವಾಗ ಹೇಮಾ ಫೋನು ತೆಗೆದು, "ನಿಮ್ಮ ನಂಬರ್ ಕೊಡಿ, ಅಕ್ಕ" ಎಂದಳು.

"ನನ್ನ ನಂಬರ್ ನಿಮ್ಮ ಹತ್ರ ಇದ್ಯಲ್ಲ, ಮೇಡಂ" ಎಂದ ಜಗದೀಶ.

"ನಿಮ್ಮದಲ್ಲ. ನಾವು ಇದಕ್ಕೂ ಮೊದಲು ನಾಲ್ಕು ಮನೆ ನೋಡಿದೆವು. ನಾಲ್ಕರಲ್ಲೂ ಬಾವಿ ನೀರು ಸಿಹಿ ಅಂದ್ರು."

ತೆಗೆದುಕೊಳ್ಳುತ್ತೇನೆ ಎಂದೂ ಅವಳು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮಳೆ ಬಿದ್ದ ಮೇಲೆ ಸೋರುವ ಮೂಲೆ ನೋಡಲು ಒಮ್ಮೆ ಬರುತ್ತೇನೆ ಎಂದಳು.

"ಬನ್ನಿ. ಆಗಲೂ ನಾಯಿ ಇಲ್ಲೇ ಇರ್ತದೆ" ಎಂದಳು ದುರ್ಗಿ.

ಕಾರು ಹೋಯಿತು. ದೇವು ಒಳಗಿನಿಂದ ಬಂಗಡೆಯ ಎರಡು ತಲೆ ತಂದು ಸಿಗಡಿಯ ಮುಂದಿಟ್ಟ. ಸಿಗಡಿ ತಿಂದಿತು. ಅದಕ್ಕೆ ಸಿಟ್ಟಿರಲಿಲ್ಲ. ದುರ್ಗಿಗಿತ್ತು.

"ನಾಳೆ ಬೆಳಿಗ್ಗೆ ನನ್ನ ಜೊತೆ ತದಡಿಗೆ ಬಾ" ಎಂದಳು ಗಂಡನಿಗೆ. "ನಲವತ್ತು ಹೆಂಗಸರ ಎದುರು ಆ ಕಂಬದ ಹತ್ರ ನಿಂತು, ಇದು ನಮ್ಮ ನಾಯಿ ಅಂತ ವಾಚ್‌ಮನ್‌ಗೆ ಹೇಳು. ಬುಟ್ಟಿನೂ ನೀನೇ ಹೊರು."

"ಆತು" ಎಂದ ದೇವು.

ಆಮೇಲೆ ಅವಳು ಪರದೆಯನ್ನು ಮಡಚಿದಳು, ಅದರಲ್ಲಿ ಎರಡು ಹೂಕುಂಡ, ಊದುಬತ್ತಿಯ ಪೊಟ್ಟಣ ಇಟ್ಟು ಗಂಟು ಕಟ್ಟಿದಳು. ಸಿಗಡಿಯನ್ನು ಕಟ್ಟಿದ್ದ ಹಗ್ಗ ಜಗಲಿಯ ಮೇಲೆ ಬಿದ್ದಿತ್ತು. ಅದನ್ನು ತೆಗೆದುಕೊಂಡು, ಗಂಟನ್ನು ಜಗದೀಶನ ಬೈಕಿನ ಹಿಂದೆ ಇಟ್ಟು, ಮೂರು ಸುತ್ತು ಸುತ್ತಿ ಬಿಗಿದಳು.

"ಹಗ್ಗ ವಾಪಸು ತರ್‍ಬೇಕಾ, ದುರ್ಗಕ್ಕ?"

"ಬೇಡ. ನಮ್ಮನೇಲಿ ಇನ್ನು ಅದರ ಕೆಲಸ ಇಲ್ಲ."