ಸಬಾರ್ಡಿನೇಟ್ ಅಳಿಯ

ಹುಡುಗ ಹಿರೇಕೆರೂರಿನ ಕಚೇರಿಯಲ್ಲಿ ಸಬಾರ್ಡಿನೇಟ್ ಎಂದು ಸಂಬಂಧ ತಂದ ಗುದ್ಲೆಪ್ಪ ಹೇಳಿದಾಗಲೇ ದುಂಡಸಿಯ ಸಾವಂತ್ರವ್ವನ ತಲೆಯಲ್ಲಿ ಹುಳ ಹೊಕ್ಕಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬುದನ್ನು ವೇದವಾಕ್ಯ ಮಾಡಿಕೊಂಡ ಮನುಷ್ಯ ಅವನು. ದೊಡ್ಡ ಮಗಳ ಗಂಡ ಹಾನಗಲ್ಲಿನಲ್ಲಿ ಮ್ಯಾನೇಜರ್ ಎಂದವನೂ ಅವನೇ. ಮದುವೆಯಾದ ಮೇಲೆ ಹೋಗಿ ನೋಡಿದರೆ ಅಳಿಯರಾಯ ಟೂರಿಂಗ್ ಟಾಕೀಸಿನ ಬಾಗಿಲು ಕಾಯುತ್ತಿದ್ದ! ಸಣ್ಣವಳು ಸುಶೀಲವ್ವನಿಗೂ ಅದೇ ಗತಿಯಾದರೆ?

ವರನ ಕುಲಗೋತ್ರ ಬಿಟ್ಟು ಆ ಶಬ್ದದ ಕುಲಗೋತ್ರ ವಿಚಾರಿಸಲು ಅವಳು ಬಸ್ಸು ಹತ್ತಿ ಸವಣೂರಿಗೆ ಹೋದಳು. ಅಲ್ಲಿ ಶಹಾಬುದ್ದೀನ ಮಾಸ್ತರರು ಇಂಗ್ಲಿಷ್ ಕಲಿಸುತ್ತಿದ್ದರು.

"ಲ್ಯಾಟಿನ್ ಅಂತ ಹಳೇ ಭಾಷಾ ಐತಿ ನೋಡವ್ವಾ. ಅದರಾಗ ಸಬ್ ಅಂದ್ರ ಕೆಳಗ, ಆರ್ಡೊ ಅಂದ್ರ ಸಾಲು. ಮೊದಲಿಗೆ ಮಗ್ಗದ ನೂಲಿನ ಸಾಲಿಗೆ ಆರ್ಡೊ ಅಂತಿದ್ರಂತ. ಈಗ ಮಂದೀನೂ ಸಾಲಿಗೆ ಹಚ್ಚಿ, ಕೆಳಗಿದ್ದಂವಗ ಸಬಾರ್ಡಿನೇಟ್ ಅಂತಾರ."

"ಎಷ್ಟ ಕೆಳಗ್ರೀ? ಅವನ ಕೆಳಗ ಯಾರರ ಇರ್ತಾರೋ ಇಲ್ಲೋ?"

"ಅದನ್ನ ಶಬ್ದ ಹೇಳಂಗಿಲ್ಲವ್ವಾ," ಎಂದು ಮಾಸ್ತರರು ನಕ್ಕರು.

ಕೊನೆಯ ನೂಲೇ ಇರಬೇಕು ಎಂದು ಸಾವಂತ್ರವ್ವ ದಾರಿಯುದ್ದಕ್ಕೂ ಕುದಿಯುತ್ತಲೇ ಮನೆಗೆ ಬಂದಳು.

ಸೋಮವಾರ ವರ ಉಳಿವೆಪ್ಪ ಹೆಣ್ಣು ನೋಡಲು ಬಂದ. ಹಿಂದೆ ಹಣ್ಣಿನ ಬುಟ್ಟಿ ಹೊತ್ತುಕೊಂಡು ಕಚೇರಿಯ ಜವಾನ ಬೀರಪ್ಪ. ಸಾವಂತ್ರವ್ವ ಅವನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಬಾಡಿಗೆಗೆ ತಂದವನೇನೋ ಎಂದು ಅನುಮಾನಪಟ್ಟು, ಸಾಹೇಬರ ಹೆಸರೇನು, ಪಗಾರ ಯಾವಾಗ ಎಂದು ಅವನನ್ನೇ ಕೆದಕಿದಳು. ಎಲ್ಲ ಸರಿಯಾಗಿ ಹೇಳಿದ. ಅಂತೂ ಹುಡುಗನ ಕೆಳಗೂ ಒಬ್ಬನಿದ್ದಾನೆ! ಬಹಳ ದಿನಗಳ ಮೇಲೆ ಅವಳಿಗೆ ಜೀವ ಹಗುರಾಯಿತು.

ಒಳಗೆ ಹೋಗಿ ಉಪ್ಪಿಟ್ಟು ಬಡಿಸುತ್ತಿದ್ದಾಗ ಸುಶೀಲವ್ವ ಬಂದು ಪಕ್ಕದಲ್ಲಿ ನಿಂತಳು.

"ಅವ್ವಾ, ಆ ಜವಾನ ಬಿಸಲಾಗ ನಿಂತಾನ. ನಾ ನೀರು ಒಯ್ದ್ರ ಆ ಸಾಹೇಬ್ರು ಬ್ಯಾಡಂದ್ರು. ಅಂವಗೇನಾಗೇತಿ, ನಿಂದರ್ಲಿ ಅಂದ್ರು."

"ಅಂವ ಅವ್ರ ಕೈಕೆಳಗಿನಂವ, ಬಿಡು."

"ನಾಳೆ ನಾ ಯಾರ ಕೈಕೆಳಗವ್ವಾ?"

ಸಾವಂತ್ರವ್ವ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. ಇಷ್ಟು ದಿನ ಎಲ್ಲರ ಮೇಲೂ ಸಂಶಯಪಟ್ಟವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಬಂತು. ವರನಿಗೆಂದು ಬಡಿಸಿದ ತಾಟನ್ನು ಎತ್ತಿಕೊಂಡು, ಅವನ ಮುಂದೆಯೇ ಹಾಯ್ದು ಅಂಗಳಕ್ಕೆ ಹೋದಳು.

"ನೆರಳಿಗೆ ಬಾರಪಾ ಬೀರಪ್ಪ, ಕುಂತು ತಿನ್ನು. ನಿಮ್ಮ ಸಾಹೇಬ್ರಿಗೆ ಬಸ್ಸಿನ ಹೊತ್ತಾತು."